ಹಗ್ಗ ಬಂತೇನ?

ಕೇಳುಗರೆಲ್ಲರಿಗೂ ನಮಸ್ಕಾರ.

ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಮಧ್ಯಾಹ್ನದ ಊಟ ಮುಗಿಸಿ ಪಾತ್ರೆ ತೊಳೆಯುತ್ತ ಕೇಳುತ್ತಿರುವ ತಾಯಂದಿರು, ಹೋಟೆಲಿನ ಗಲ್ಲಾದ ಪಕ್ಕ ಸಣ್ಣ ದನಿಯಲ್ಲಿ ರೇಡಿಯೊ ಇಟ್ಟುಕೊಂಡಿರುವ ಅಣ್ಣಂದಿರು, ಬ್ಯಾಂಕಿನಿಂದ ನಿವೃತ್ತರಾಗಿ ಇನ್ನು ಹೊತ್ತು ಕಳೆಯುವುದು ಹೇಗೆ ಎಂದು ಯೋಚಿಸುತ್ತಿರುವ ಹಿರಿಯರು, ನಿಮ್ಮನ್ನೆಲ್ಲ ಕಣ್ಣೆದುರು ಇಟ್ಟುಕೊಂಡೇ ಮಾತಾಡುತ್ತೇನೆ.

ಮುಂಬಯಿಯಲ್ಲಿ ಮನಸ್ಸಿನ ಕಾಯಿಲೆಯವರಿಗಾಗಿ ಕೆಲಸ ಮಾಡುವ ಒಂದು ಸೇವಾಸಂಸ್ಥೆಯಲ್ಲಿ ನಾನು 22 ವರ್ಷದಿಂದ ಸಮಾಜ ಕಾರ್ಯಕರ್ತೆ. ಡಾಕ್ಟರಲ್ಲ. ಗುಳಿಗೆ ಬರೆಯುವುದು ಡಾಕ್ಟರ ಕೆಲಸ. ರೋಗಿಯ ಮನೆ ಎಲ್ಲಿದೆ, ಮನೆಯಲ್ಲಿ ಯಾರಿದ್ದಾರೆ, ಅವರು ವಾಪಸು ಹೋಗುವುದು ಹೇಗೆ, ಇದು ನನ್ನ ಕೆಲಸ. ಯಾವುದಾದರೂ ಮದುವೆಯಲ್ಲಿ ಸಿಕ್ಕಿದವರು ಇದನ್ನು ಕೇಳಿದ ಕೂಡಲೇ ಒಳ್ಳೆಯ ಮನಸ್ಸಿನಿಂದಲೇ ವಿಚಾರಿಸುತ್ತಾರೆ: ಹಳೇ ಬಟ್ಟೆ ಕೊಡಲೇ, ಹಣ್ಣು ಹಂಚಲೇ, ಮಗನ ಹುಟ್ಟುಹಬ್ಬಕ್ಕೆ ಒಂದು ಹೊತ್ತಿನ ಊಟ ಹಾಕಿಸಲೇ? ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಹಣ್ಣು ಹಂಚಿ, ಫೋಟೊ ತೆಗೆಸಿಕೊಂಡು, ಹತ್ತು ನಿಮಿಷಕ್ಕೆ ಎದ್ದು ಹೋಗಬೇಡಿ. ನಮ್ಮಲ್ಲಿ ಹಣ್ಣಿಗೆ ಬರವಿಲ್ಲ. ನಮಗೆ ನಿಮ್ಮ ಕನ್ನಡ ಬೇಕು. ವಾರಕ್ಕೆ ಎರಡು ಗಂಟೆ ನಿಮ್ಮ ಕನ್ನಡ ಕೊಡಿ. ಇವತ್ತು ಹೇಳಬೇಕೆಂದು ಬಂದಿರುವುದು ಇದೊಂದನ್ನೇ.

ಯಾಕೆ ಹೀಗೆ ಹೇಳುತ್ತೇನೆಂದರೆ, ಸಕ್ಕರೆ ಕಾಯಿಲೆಗೆ ರಕ್ತ ತೆಗೆದು ನೋಡುತ್ತಾರೆ. ಕೈ ಮುರಿದರೆ ಎಕ್ಸ್‌ರೇ. ಆದರೆ ಈ ಮನುಷ್ಯನಿಗೆ ಇಲ್ಲದ ದನಿ ಕೇಳಿಸುವಂಥ ಸ್ಕಿಜೋಫ್ರೇನಿಯಾ ಕಾಯಿಲೆ ಇದೆ ಎಂದು ತೋರಿಸುವ ರಕ್ತಪರೀಕ್ಷೆ ಇಲ್ಲ. ಖಿನ್ನತೆಗೆ ಎಕ್ಸ್‌ರೇ ಇಲ್ಲ. ಡಾಕ್ಟರು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾರೆ. ನಿದ್ದೆ ಬರುತ್ತದಾ? ಯಾರೂ ಇಲ್ಲದಾಗ ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುತ್ತದಾ? ಯಾರಾದರೂ ಬೆನ್ನು ಹತ್ತಿದ್ದಾರೆ ಅನ್ನಿಸುತ್ತದಾ? ರೋಗಿ ಏನು ಹೇಳಿದ, ಹೇಗೆ ಹೇಳಿದ, ಒಂದು ಮಾತಿಗೂ ಮುಂದಿನ ಮಾತಿಗೂ ಹೊಂದಿಕೆ ಇದೆಯೇ ಎಂದು ನೋಡುತ್ತಾರೆ. ಮಾತೇ ಪರೀಕ್ಷೆ. ಆ ಮಾತು ಕೇಳುವವರಿಗೆ ತಿಳಿಯದ ಭಾಷೆಯಲ್ಲಿದ್ದರೆ ಪರೀಕ್ಷೆಯೇ ನಡೆದಿಲ್ಲ ಎಂದು ಅರ್ಥ.

ಒಂದು ಸಂಗತಿ ಹೇಳುತ್ತೇನೆ. ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಬೇಡ, ಊರೂ ಬೇಡ.

ಕೆಲವು ವರ್ಷಗಳ ಹಿಂದೆ, ದೀಪಾವಳಿ ಕಳೆದ ವಾರ. ಸಿಎಸ್‌ಎಂಟಿ ಸ್ಟೇಷನ್ನಿನ ಹೊರಗೆ ಸಿಕ್ಕಿದ ಒಬ್ಬ ಮನುಷ್ಯನನ್ನು ಪೊಲೀಸರು ಒಂದು ಆಸ್ಪತ್ರೆಗೆ ಸೇರಿಸಿದ್ದರು, ಅಲ್ಲಿಂದ ನಮ್ಮಲ್ಲಿಗೆ ಬಂದರು. ಮೂವತ್ತು ಮೂವತ್ತೈದರ ಪ್ರಾಯ. ಕೂದಲು ಜಡೆಗಟ್ಟಿತ್ತು. ಒಂದರ ಮೇಲೊಂದು ನಾಲ್ಕು ಅಂಗಿ. ಬಲಗಾಲಿನ ಹಿಮ್ಮಡಿಯಲ್ಲಿ ಕೀವು. ಜೊತೆಗೆ ಬಂದ ಕೇಸ್ ಪೇಪರಿನಲ್ಲಿ ಭಾಷೆ ಎಂಬ ಕಡೆ 'ಗೊತ್ತಿಲ್ಲ' ಎಂದು ಬರೆದಿತ್ತು. ಅದರ ಕೆಳಗಿನ ಸಾಲು: 'ಅಸಂಬದ್ಧ ಮಾತು'. ಭಾಷೆ ಯಾವುದೆಂದೇ ಗೊತ್ತಿಲ್ಲದ ಮೇಲೆ ಅದು ಅಸಂಬದ್ಧ ಎಂದು ಗೊತ್ತಾದದ್ದು ಹೇಗೆ? ಆ ಕಾಗದ ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಾನು 'ಊಟ ಆಯಿತಾ?' ಎಂದು ಕೇಳಿದೆ. ಅವರು ಕಣ್ಣೆತ್ತಿ ನೋಡಿದರು. ಕನ್ನಡದವರೇ! ನನಗಾದ ಸಂತೋಷ ಹೇಳತೀರದು. ಆದರೆ ಎಷ್ಟು ಮಾತಾಡಿಸಿದರೂ ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: 'ಹಗ್ಗ ಬಂತೇನ?' ಬೆಳಿಗ್ಗೆ ಚಹಾ ಕೊಟ್ಟರೆ 'ಹಗ್ಗ ಬಂತೇನ?' ರಾತ್ರಿ ಗುಳಿಗೆ ಕೊಟ್ಟರೆ 'ಹಗ್ಗ ಬಂತೇನ?'

ನಮ್ಮ ಕೆಲಸದಲ್ಲಿ ಹಗ್ಗ ಎಂಬ ಶಬ್ದ ಕಿವಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ನಾನು ಓಡಿಹೋಗಿ ಡಾಕ್ಟರಿಗೆ ಹೇಳಿದೆ, ಈ ಮನುಷ್ಯ ಜೀವ ಕಳೆದುಕೊಳ್ಳುವ ಯೋಚನೆಯಲ್ಲಿದ್ದಾರೆ ಎಂದು. ಕಿಟಕಿ ಪರದೆಯ ದಾರ ಬಿಚ್ಚಿಸಿದೆವು, ಪೈಜಾಮದ ಲಾಡಿ ತೆಗೆಸಿದೆವು. ಅವರ ಮಂಚವನ್ನು ನರ್ಸ್ ಮೇಜಿನ ಎದುರಿಗೇ ಹಾಕಿಸಿದೆವು. ರಾತ್ರಿ ಪಾಳಿಯ ಮಾವಶಿಗೆ, ಅಂದರೆ ಆಯಾಗೆ, ಕಣ್ಣು ಮುಚ್ಚಬೇಡ ಎಂದೆ. ಒಂದು ವಾರವಾದ ಮೇಲೆ ಅವರು ಕೇಳುವುದನ್ನು ನಿಲ್ಲಿಸಿದರು. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. 'ಸುಧಾರಣೆ ಇದೆ' ಎಂದು ಕೇಸ್ ಪೇಪರಿನಲ್ಲಿ ಬರೆದವಳು ನಾನೇ.

ಗುರುವಾರ ನಮ್ಮ ಓಪಿಡಿ. ಮಗಳ ಫಿಟ್ಸ್ ಗುಳಿಗೆಗೆಂದು ಒಬ್ಬ ಹೆಂಗಸು ಬರುತ್ತಿದ್ದರು. ಬೆಳಿಗ್ಗೆ ಕೂಲಿಯಾಳುಗಳು ಸೇರುವ ನಾಕಾದಲ್ಲಿ ನಿಂತು ಕಟ್ಟಡದ ಕೂಲಿಗೆ ಹೋಗುವವರು, ಓದು ಬರಹ ಇಲ್ಲ. ಆ ದಿನ ಇಳಕಲ್ ಸೀರೆ ಉಟ್ಟು, ಕೆಂಪು ಸೆರಗನ್ನು ತಲೆ ಮೇಲೆ ಹೊದ್ದು ಬೆಂಚಿನ ಮೇಲೆ ಕೂತಿದ್ದರು. ಮಾವಶಿ ನಮ್ಮ ಈ ರೋಗಿಯನ್ನು ಕೈ ಹಿಡಿದು ಅಂಗಳದಲ್ಲಿ ನಡೆಸುತ್ತಿದ್ದಳು. ಅವರು ಆ ಸೀರೆ ನೋಡಿ ನಿಂತರು. ಎಷ್ಟೋ ದಿನದ ಮೇಲೆ ಬಾಯಿ ತೆರೆದರು. 'ಹಗ್ಗ ಬಂತೇನಬೇ?'

ಆ ಹೆಂಗಸು ತಲೆ ಕೂಡ ಎತ್ತಲಿಲ್ಲ, ಮಗಳ ಜಡೆ ಹೆಣೆಯುತ್ತಲೇ ಹೇಳಿದರು: 'ಹಗ್ಗ ಈಗೆಲ್ಲಿ ಬರತೈತೋ ಯಪ್ಪಾ? ಬನದ ಹುಣ್ಣಿವಿ ಇನ್ನಾ ಎರಡು ತಿಂಗಳೈತಿ. ಮೊದಲ ಪಲ್ಲೇದ ಹಬ್ಬ ಆಗಲಿ.'

ಅವರು ಆಕೆಯ ಕಾಲ ಬಳಿ ನೆಲದ ಮೇಲೇ ಕೂತುಬಿಟ್ಟರು. 'ನೀ ಯಾವೂರಾಕಿ?' ಎಂದು ಕೇಳಿದರು.

ಉತ್ತರ ಕರ್ನಾಟಕದ ಕೇಳುಗರಿಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ಪುಷ್ಯ ಮಾಸದ ಹುಣ್ಣಿಮೆಗೆ, ಅದೇ ಬನದ ಹುಣ್ಣಿವಿಗೆ, ತೇರು. ಅದರ ಮುನ್ನಾದಿನ 108 ಬಗೆಯ ಪಲ್ಯ ಮಾಡಿ ದೇವಿಗೆ ಎಡೆ ಹಿಡಿಯುತ್ತಾರೆ, ಅದು ಪಲ್ಲೇದ ಹಬ್ಬ. ತೇರು ಎಳೆಯುವ ಹಗ್ಗವನ್ನು ಎತ್ತಿನ ಹಳಿಬಂಡಿಯಲ್ಲಿ ತರುತ್ತಾರೆ. ಹಗ್ಗ ಬಂದರೆ ತೇರು, ತೇರಾದರೆ ಜಾತ್ರೆ, ಜಾತ್ರೆ ಎಂದರೆ ತಿಂಗಳಿಡೀ ನಾಟಕ ಕಂಪನಿಗಳು, ಬೆಂಡು ಬತ್ತಾಸು. ಅವರು ತನಗೆ ತಿಳಿದ ಒಂದೇ ಗುರುತು ಹಿಡಿದು ಮನೆ ಯಾವ ಕಡೆ ಎಂದು ನಮ್ಮನ್ನು ಕೇಳುತ್ತಿದ್ದರು. ನಾನು ಅವರ ಪೈಜಾಮದ ಲಾಡಿ ಬಿಚ್ಚಿಸಿದ್ದೆ.

ನಾನು ಉಡುಪಿ ಕಡೆಯವಳು. ಕನ್ನಡದಲ್ಲಿ ಎಂ.ಎ. ಮಾಡಿದ್ದೇನೆ. ಹಗ್ಗ ಎಂಬ ಶಬ್ದ ನನಗೂ ಗೊತ್ತಿತ್ತು. ಆದರೆ ಅವರ ಊರಿನಲ್ಲಿ ಹಗ್ಗ ಎಂದರೆ ಏನು ಎಂಬುದು ಆ ಕೂಲಿ ಹೆಂಗಸಿಗೆ ಗೊತ್ತಿತ್ತು. ಆದ್ದರಿಂದ ದಯವಿಟ್ಟು 'ನಮಗೆ ಶುದ್ಧ ಕನ್ನಡ ಬರುವುದಿಲ್ಲ, ನಾವು ಕಲಿತವರಲ್ಲ, ನಾವೇನು ಮಾಡುವುದು' ಎಂದು ಯಾರೂ ಹೇಳಬೇಡಿ. ನನಗೆ ಆ ಮಾತು ಕೇಳಿ ಕೇಳಿ ಸಾಕಾಗಿದೆ. ನಿಮ್ಮ ಮನೆಯ ಅಡುಗೆಮನೆಯಲ್ಲಿ ಆಡುವ ಕನ್ನಡವೇ ನಮಗೆ ಬೇಕು.

ಮುಕ್ಕಾಲು ಗಂಟೆ ಆಕೆ ಮಾತಾಡಿಸಿದರು, ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಹೊಳೆಯ ಈ ದಂಡೆಯೋ ಆ ದಂಡೆಯೋ? ಹೊಲದಲ್ಲಿ ಸೂರ್ಯಕಾಂತಿಯೋ ಬಿಳಿಜೋಳವೋ? ಬಸ್ಸು ಇಳಿದ ಕೂಡಲೇ ಯಾರ ಅಂಗಡಿ? ನಾನು ಕೇಳುತ್ತಿದ್ದದ್ದು ತಾಲ್ಲೂಕು ಯಾವುದು, ಪಿನ್‌ಕೋಡ್ ಏನು ಎಂದು. ಎರಡು ಪುಟ ತುಂಬಿತು. ಆ ಕಡೆಯ ಪೊಲೀಸ್ ಠಾಣೆಗೆ ಫೋನ್ ಮಾಡಿ ಫೋಟೊ ಕಳಿಸಿದೆವು. ಮರುದಿನ ಸಂಜೆ ಅವರ ಅಣ್ಣನೇ ಫೋನ್ ಮಾಡಿದರು. ಕಾಣೆಯಾಗಿ ನಾಲ್ಕು ವರ್ಷವಾಗಿತ್ತು.

ಕಿವಿಯಲ್ಲಿ ಕೇಳುವ ದನಿ ಅಡಗಲು ಗುಳಿಗೆಗೆ ಕೆಲವು ವಾರ ಬೇಕು. ಆರು ವಾರ ಕಾದು, ಗದಗದ ರೈಲಿನಲ್ಲಿ ನಾನೂ ಇನ್ನೊಬ್ಬ ಕಾರ್ಯಕರ್ತರೂ ಅವರನ್ನು ಕರೆದುಕೊಂಡು ಹೊರಟೆವು. ಸೊಲ್ಲಾಪುರದವರೆಗೆ ಮಾತಿಲ್ಲ. ವಿಜಯಪುರ ದಾಟಿದ ಮೇಲೆ ಬಾಗಿಲ ಬಳಿ ಹೋಗಿ ನಿಂತರು. ಬಾಗಲಕೋಟೆ ಆಯಿತು. 'ಈಗ ಗುಳೇದಗುಡ್ಡ ರೋಡ ಬರತೈತಿ ನೋಡ್ರಿ' ಎಂದರು. ಬಂತು. ಮನೆ ಬಾಗಿಲಲ್ಲಿ ಅವರ ತಾಯಿ ಅಳಲಿಲ್ಲ. ಮಗನ ಎರಡೂ ತೋಳು ಹಿಡಿದು, ಬಯ್ಯುವ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: 'ಇಷ್ಟ ದಿನಾ ಎಲ್ಲಿ ಉಂಡೀಯೋ?'

ಗಡಿಯಾರ ನೋಡಿದೆ, ಇದಕ್ಕೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಮೊದಲು, ಬೀದಿಯಲ್ಲಿ ಇಂಥವರು ಕಂಡರೆ ಏನು ಮಾಡಬೇಕು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಇದೆ, ನೆನಪಿಡಿ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಮನೋರೋಗಿಯನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸರ ಕರ್ತವ್ಯ. 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯವರನ್ನು ಹುಡುಕುವುದೂ ಠಾಣೆಯ ಜವಾಬ್ದಾರಿಯೇ. ಇದೇ ಕಾಯ್ದೆಯ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ, ಎಲ್ಲೂ, ಯಾವ ಕಾರಣಕ್ಕೂ. ನೀವು ಪೊಲೀಸರಿಗೆ ಫೋನ್ ಮಾಡಿ, ಅವರು ಬರುವ ತನಕ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಒಂದು ಮಾತು ಕೇಳಿ ನೋಡಿ. ಬೀದಿಯಲ್ಲಿ ಅಲೆಯುವವರನ್ನು ಗುಣಪಡಿಸಿ ಮನೆ ಸೇರಿಸಲು ಆಗುತ್ತದೆಯೇ ಎಂದು ಸಂಶಯ ಇರುವವರು ಡಾ. ಭರತ್ ವಾಟವಾನಿ ಅವರ ಕೆಲಸ ನೋಡಬೇಕು. ಇಲ್ಲೇ ಕರ್ಜತ್‌ನಲ್ಲಿದೆ ಅವರ ಶ್ರದ್ಧಾ ಸಂಸ್ಥೆಯ ಕೇಂದ್ರ. ಈ ಕೆಲಸಕ್ಕಾಗಿಯೇ 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇನ್ನು ಗುಳಿಗೆ. ಮನೆ ಸೇರಿದರೆ ಕೆಲಸ ಮುಗಿಯಲಿಲ್ಲ. ನಾನು ಹೇಳಿದ ಈ ಮನುಷ್ಯ ಒಂದು ವರ್ಷ ಚೆನ್ನಾಗಿದ್ದರು, ಹೊಲಕ್ಕೂ ಹೋಗುತ್ತಿದ್ದರು. ಗುಣವಾಯಿತಲ್ಲ ಎಂದು ಮನೆಯವರು ಗುಳಿಗೆ ನಿಲ್ಲಿಸಿದರು. ಎರಡು ತಿಂಗಳಲ್ಲಿ ದನಿಗಳು ಮತ್ತೆ ಬಂದವು. ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಇದಕ್ಕಾಗಿ ಮುಂಬಯಿಗೆ ಬರಬೇಕಾಗಿಯೂ ಇಲ್ಲ. ನಮ್ಮ ನಿಮ್ಹಾನ್ಸ್‌ನವರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇಂಥ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೇ ಒಯ್ದು ತೋರಿಸಿಕೊಟ್ಟರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಬಳ್ಳಾರಿ ಮಾದರಿಯಿಂದ. ಈಗ ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುತ್ತಾರೆ. ಊರಿಗೆ ಫೋನ್ ಮಾಡಿದಾಗ ಹೇಳಿ.

ತರಬೇತಿ ಇಲ್ಲದ ನಾವು ಏನು ಮಾಡಬಲ್ಲೆವು ಎನ್ನುವವರಿಗೆ: ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ ಡಾಕ್ಟರಲ್ಲದ, ಸಾಮಾನ್ಯ ಜನರಿಗೆ ಕೆಲವು ವಾರ ಕಲಿಸಿ, ಅಲ್ಲಿನ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯವರ ಜೊತೆ ಕೂರಿಸಿತು. ರೋಗಿಗಳು ಸುಧಾರಿಸಿದರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಗಿದೆ. ನಾವೂ ನಿಮಗೆ ಕಲಿಸುತ್ತೇವೆ, ಎರಡು ಭಾನುವಾರ ಸಾಕು. ಮುಖ್ಯವಾದ ಪಾಠ ಒಂದೇ. ಉಪದೇಶ ಬೇಡ. 'ಧೈರ್ಯವಾಗಿರು, ದೇವರ ಮೇಲೆ ಭಾರ ಹಾಕು, ಎಲ್ಲ ಮನಸ್ಸಿನಲ್ಲಿದೆ' ಎನ್ನಬೇಡಿ. ಊರು ಕೇಳಿ, ಬೆಳೆ ಕೇಳಿ, ಮನೆಯಲ್ಲಿ ಎಮ್ಮೆ ಇದೆಯಾ ಕೇಳಿ. ಆಮೇಲೆ ಸುಮ್ಮನೆ ಕೂತುಕೊಳ್ಳಿ.

ನಿಮಗೇ ಅಥವಾ ನಿಮ್ಮ ಮನೆಯಲ್ಲೇ ಯಾರಿಗಾದರೂ ಬದುಕು ಬೇಡ ಅನ್ನಿಸುತ್ತಿದ್ದರೆ ಭಾನುವಾರದವರೆಗೆ ಕಾಯಬೇಡಿ. ಟೆಲಿ ಮಾನಸ್, ಕೇಂದ್ರ ಸರ್ಕಾರದ ಸಹಾಯವಾಣಿ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು.

ಆ ಇಳಕಲ್ ಸೀರೆಯ ತಾಯಿಯ ಫೋನ್ ನಂಬರು ಈಗ ನಮ್ಮ ಓಪಿಡಿಯ ಗೋಡೆ ಮೇಲೆ ಇದೆ. ಬಾಗಲಕೋಟೆ, ವಿಜಯಪುರ, ಗದಗ ಕಡೆಯವರು ಬಂದರೆ ಆಕೆಗೆ ಫೋನ್ ಹೋಗುತ್ತದೆ, ಆಕೆ ಕೂಲಿ ಬಿಟ್ಟಾದರೂ ಬರುತ್ತಾರೆ. ಹೋದ ತಿಂಗಳು ಒಬ್ಬ ಹಿರಿಯರು ಬಂದಿದ್ದಾರೆ. ಕನ್ನಡ ಹೌದು, ನಡುನಡುವೆ ಉರ್ದು, ಮರಾಠಿ ಎರಡೂ ಸೇರುತ್ತವೆ. ಆಕೆ ಬಂದು ಒಂದು ಗಂಟೆ ಕೂತು, 'ಇದು ನಮ್ಮ ಕಡಿ ಮಾತಲ್ರಿ, ಬೀದರ ಕಡೀದು' ಎಂದು ಹೇಳಿ ಹೋದರು. ಊಟದ ತಟ್ಟೆ ಕೊಟ್ಟಾಗಲೆಲ್ಲ ಆ ಹಿರಿಯರು ಒಂದು ಮಾತು ಹೇಳುತ್ತಾರೆ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಬಾಗಿಲ ಕಡೆ ನೋಡುತ್ತಾರೆ. ಅದು ಏನೆಂದು ನಮಗೆ ಯಾರಿಗೂ ತಿಳಿದಿಲ್ಲ. ಈ ಸಲ ಕೇಸ್ ಪೇಪರಿನಲ್ಲಿ ನಾನು ಏನೂ ಬರೆದಿಲ್ಲ. ಬೀದರ, ಭಾಲ್ಕಿ, ಔರಾದ ಕಡೆಯವರು ಯಾರಾದರೂ ಈಗ ರೇಡಿಯೊ ಕೇಳುತ್ತಿದ್ದರೆ ಈ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಬನ್ನಿ. ಅವರ ಊಟದ ಹೊತ್ತು ಅದು. ವಿಳಾಸವನ್ನು ನಿರೂಪಕರು ಈಗ ಓದುತ್ತಾರೆ. ನಮಸ್ಕಾರ.