ಉಂಗುರ, ಕೋಲು, ರಾಜದಂಡ: ರಾಜ ಮತ್ತು ಪೋಪ್ ಜಗಳದ ಒಳಮರ್ಮ

[ಪರದೆ: ಒಂದು ಉಂಗುರ, ತುದಿ ಬಾಗಿದ ಒಂದು ಕೋಲು]

ಜರ್ಮನಿಯ ರಾಜನಿಗೂ ರೋಮಿನ ಪೋಪ್‌ಗೂ ಹತ್ತಿರ ಹತ್ತಿರ ಐವತ್ತು ವರ್ಷ ಜಗಳ ಹತ್ತಿಸಿದ್ದು ಇವೆರಡೇ. ಹೊಸ ಬಿಷಪ್‌ನ ಕೈಗೆ ಅವನ ಪದವಿಯ ಗುರುತಾದ ಇವನ್ನು ಕೊಡೋರು ಯಾರು ಅನ್ನೋದೇ ತಕರಾರು.

ಯಾರು ಕೊಟ್ಟರೇನು ಅನ್ನಬೇಡಿ. ಆಗಿನ ಬಿಷಪ್ ಕೈಯಲ್ಲಿ ಜಮೀನು, ಕೋಟೆ, ಸುಂಕ, ಸೈನ್ಯ ಎಲ್ಲ ಇತ್ತು. ಡ್ಯೂಕ್ ಸತ್ತರೆ ಆಸ್ತಿ ಮಗನ ಪಾಲು. ಬಿಷಪ್‌ಗೆ ವಾರಸುದಾರ ಇಲ್ಲ. ಪೀಠ ಖಾಲಿಯಾದಾಗಲೆಲ್ಲ ರಾಜ ತನ್ನವನನ್ನು ಕೂರಿಸಬಹುದು. 981ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೇ ಓಟ್ಟೋ ಇಟಲಿಗೆ ಹೆಚ್ಚುವರಿಯಾಗಿ ಕರೆಸಿದ ಸುಮಾರು 2,000 ಕವಚಧಾರಿ ಸವಾರರಲ್ಲಿ ದೊಡ್ಡ ಪಾಲು ಬಿಷಪ್‌ಗಳು, ಮಠಾಧೀಶರದ್ದೇ. ಇಂಥ ಹಿಡಿತವನ್ನು ಯಾವ ರಾಜ ಬಿಟ್ಟಾನು?

1075ರಲ್ಲಿ ಜರ್ಮನಿಯ ರಾಜ ನಾಲ್ಕನೇ ಹೆನ್ರಿ ಇಟಲಿಯ ಮಿಲಾನ್‌ಗೆ ತನ್ನವನನ್ನೇ ಆರ್ಚ್‌ಬಿಷಪ್ ಮಾಡಿದ. ಪೋಪ್ ಏಳನೇ ಗ್ರೆಗೊರಿ ಗದರಿಸಿದ. 1076ರ ಜನವರಿಯಲ್ಲಿ ಹೆನ್ರಿ ಜರ್ಮನಿಯ ವರ್ಮ್ಸ್‌ನಲ್ಲಿ ಬಿಷಪ್‌ಗಳನ್ನು ಸೇರಿಸಿ, ನೀನು ಪೋಪೇ ಅಲ್ಲ ಅಂದ. ಮರುತಿಂಗಳೇ ಗ್ರೆಗೊರಿ ಅವನಿಗೆ ಚರ್ಚಿನಿಂದಲೇ ಬಹಿಷ್ಕಾರ ಹಾಕಿದ, ಜೊತೆಗೆ ಪ್ರಜೆಗಳ ನಿಷ್ಠೆಯ ಪ್ರಮಾಣವನ್ನೂ ರದ್ದು ಮಾಡಿದ. ಬಿಸಿ ಮುಟ್ಟಿಸಿದ್ದು ಈ ಎರಡನೇದು. ದಂಗೆಗೆ ಕಾದಿದ್ದ ಸಾಮಂತರು ಗಡುವು ಕೊಟ್ಟರು: ವರ್ಷದೊಳಗೆ ಬಹಿಷ್ಕಾರ ತೆಗೆಸಿಕೋ, ಇಲ್ಲ ಸಿಂಹಾಸನ ಬಿಡು.

[ಪರದೆ: ಕನೋಸ್ಸಾ ಕೋಟೆ, ಜನವರಿ 1077]

ಗ್ರೆಗೊರಿ ಆಗ ಇಟಲಿಯ ಈ ಕೋಟೆಯಲ್ಲಿದ್ದ. ಚಳಿಗಾಲದಲ್ಲೇ ಆಲ್ಪ್ಸ್ ದಾಟಿದ ಹೆನ್ರಿ ಕೋಟೆ ಬಾಗಿಲಲ್ಲಿ ಮೂರು ದಿನ ಕಾದ. ಬರಿಗಾಲು, ಉಣ್ಣೆ ಬಟ್ಟೆ. ಸ್ವತಃ ಗ್ರೆಗೊರಿಯೇ ಪತ್ರದಲ್ಲಿ ಬರೆದಿದ್ದಾನೆ. ಮಾನ ಹೋಯ್ತು, ಆದರೆ ನಡೆ ಮಾತ್ರ ಜಾಣತನದ್ದು. ಪಶ್ಚಾತ್ತಾಪ ಪಟ್ಟು ಬಂದವನನ್ನು ಗುರುವಾದವನು ಹೇಗೆ ಹೊರಗೆ ಅಟ್ಟುತ್ತಾನೆ? ಬಹಿಷ್ಕಾರ ಹೋಯ್ತು. ಮುಂದೆ ಮತ್ತೆ ಜಗಳ, ಮತ್ತೆ ಬಹಿಷ್ಕಾರ. 1084ರಲ್ಲಿ ಹೆನ್ರಿ ರೋಮನ್ನೇ ಹಿಡಿದ. ಗ್ರೆಗೊರಿ ಮರುವರ್ಷ ಸಲೆರ್ನೋದಲ್ಲಿ ಸತ್ತ.

ಕೋಲಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಅದು ಬಗೆಹರಿದದ್ದು 1122ರ ಸೆಪ್ಟೆಂಬರ್ 23ಕ್ಕೆ, ಅದೇ ವರ್ಮ್ಸ್‌ನಲ್ಲಿ. ನಾಲ್ಕನೇ ಹೆನ್ರಿಯ ಮಗ ಐದನೇ ಹೆನ್ರಿ ಉಂಗುರ, ಕೋಲು ಎರಡನ್ನೂ ಚರ್ಚಿಗೆ ಬಿಟ್ಟ. ಜಮೀನು, ಅಧಿಕಾರಗಳನ್ನು ರಾಜದಂಡದ ಮೂಲಕ ಕೊಡೋ ಹಕ್ಕು ಇಟ್ಟುಕೊಂಡ.

[ಪರದೆ: ಆಗಿನ ಪೋಪ್ ಕಲಿಕ್ಸ್ಟಸ್ ಇದೇ ಒಪ್ಪಂದದಲ್ಲಿ ಕೊಟ್ಟ ಪತ್ರ, ಎರಡು ಪದಗಳ ಮೇಲೆ ಗುರುತು]

ಕೈಚಳಕ ಇರೋದು ಇಲ್ಲಿ. ಜರ್ಮನಿಯಲ್ಲಿ ಬಿಷಪ್ ಚುನಾವಣೆ ರಾಜನ ಎದುರೇ ನಡೀಬೇಕು, ರಾಜದಂಡದಿಂದ ಅಧಿಕಾರ ಪಡೆಯೋನು 'ಆಯ್ಕೆಯಾದವನು'. ಸಾಮ್ರಾಜ್ಯದ ಉಳಿದ ಕಡೆ, ಅಂದರೆ ಇಟಲಿ, ಬರ್ಗಂಡಿಯಲ್ಲಿ, 'ದೀಕ್ಷೆ ಪಡೆದವನು', ಅಂದರೆ ಚರ್ಚಿನ ವಿಧಿಯಂತೆ ಆಗಲೇ ಬಿಷಪ್ ಆದವನು, ಅದೂ ಆರು ತಿಂಗಳೊಳಗೆ. ಜರ್ಮನಿಯಲ್ಲಿ ರಾಜ ಒಲ್ಲೆ ಅಂದರೆ ದೀಕ್ಷೆಗೆ ಮೊದಲೇ ಎಲ್ಲ ನಿಂತುಹೋಗುತ್ತೆ. ಇಟಲಿಯಲ್ಲಿ ಅವನು ಒಲ್ಲೆ ಅನ್ನೋ ಹೊತ್ತಿಗೆ ಬಿಷಪ್ ಪೀಠದ ಮೇಲೆ ಕೂತಾಗಿರುತ್ತೆ.