ಕೋರ್ಟು ಕಾರಣ ಯಾಕೆ ಬರೆಯುತ್ತದೆ?

ಎಲ್ಲರಿಗೂ ನಮಸ್ಕಾರ.

ಕಾನೂನು ಅಂದರೆ ಸೆಕ್ಷನ್ನುಗಳು ತುಂಬಿದ ದಪ್ಪ ಪುಸ್ತಕ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಕಾಮನ್ ಲಾ ಪದ್ಧತಿಯಲ್ಲಿ ಅದು ಅರ್ಧ ಮಾತ್ರ ನಿಜ. ಶಾಸನಸಭೆ ಮಾಡಿದ ಕಾಯ್ದೆ ಇದ್ದರೆ ಅದೇ ಮೇಲು, ಅದರಲ್ಲಿ ಅನುಮಾನ ಬೇಡ. ಆದರೆ ಉಳಿದ ಕಾನೂನು ಹುಟ್ಟುವುದು ಯಾರದೋ ಜಗಳದಿಂದ. ಇಬ್ಬರು ಕೋರ್ಟಿಗೆ ಬರುತ್ತಾರೆ, ನ್ಯಾಯಾಧೀಶರು ಒಬ್ಬರ ಪರ ತೀರ್ಪು ಕೊಡುತ್ತಾರೆ, ಯಾಕೆ ಹಾಗೆ ಕೊಟ್ಟೆ ಅಂತ ಕಾರಣ ಬರೆಯುತ್ತಾರೆ. ಮುಂದೆ ಅಂಥದೇ ತಕರಾರು ತಂದವರಿಗೆ ಆ ಕಾರಣವೇ ಕಾನೂನು. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದನ್ನೇ. ಒಂದು ಕೇಸನ್ನು ಬೆನ್ನು ಹತ್ತಿ ಹೋಗೋಣ.

1928ರ ಆಗಸ್ಟ್ 26, ಸಂಜೆ. ಸ್ಕಾಟ್ಲೆಂಡಿನ ಪೈಸ್ಲಿ ಊರಿನ ಒಂದು ಕೆಫೆಗೆ ಮೇ ಡೊನಹ್ಯೂ ಅನ್ನುವ ಹೆಂಗಸು ಸ್ನೇಹಿತರೊಬ್ಬರ ಜೊತೆ ಬಂದರು. ಸ್ನೇಹಿತರೇ ದುಡ್ಡು ಕೊಟ್ಟು ಅವರಿಗೆ ಐಸ್‌ಕ್ರೀಮು, ಜಿಂಜರ್ ಬಿಯರ್ ತರಿಸಿದರು. ಬಾಟಲಿ ಕಡು ಕಂದು ಬಣ್ಣದ್ದು, ಒಳಗೇನಿದೆ ಅಂತ ಕಾಣುತ್ತಿರಲಿಲ್ಲ. ಸ್ವಲ್ಪ ಕುಡಿದ ಮೇಲೆ, ಉಳಿದದ್ದನ್ನು ಸ್ನೇಹಿತರು ಬಗ್ಗಿಸುವಾಗ ಕೊಳೆತ ಬಸವನಹುಳು ತೇಲಿ ಬಂತು ಅನ್ನುವುದು ಡೊನಹ್ಯೂ ಅವರ ದೂರು. ಆಘಾತವಾಯಿತು, ಹೊಟ್ಟೆ ಕೆಟ್ಟಿತು, 500 ಪೌಂಡ್ ಪರಿಹಾರ ಕೊಡಿಸಿ ಅಂತ ದಾವೆ ಹೂಡಿದರು.

ಹೂಡುವುದು ಯಾರ ಮೇಲೆ? ಕೆಫೆಯವರ ಮೇಲೆ ಆಗದು. ದುಡ್ಡು ಕೊಟ್ಟವರು ಇವರಲ್ಲ, ಹಾಗಾಗಿ ಕೆಫೆಯವರಿಗೂ ಇವರಿಗೂ ಕರಾರೇ ಇಲ್ಲ. ಮುಚ್ಚಿದ ಬಾಟಲಿಯೊಳಗೆ ಹುಳು ಇರುವುದು ಕೆಫೆಯವರಿಗೂ ಗೊತ್ತಾಗುವ ಹಾಗಿರಲಿಲ್ಲ. ಉಳಿದವರು ಅದನ್ನು ತಯಾರಿಸಿದ ಡೇವಿಡ್ ಸ್ಟೀವನ್ಸನ್. ಕರಾರು ಇಲ್ಲದವರಿಗೆ ತಯಾರಕ ಸಾಮಾನ್ಯವಾಗಿ ಹೊಣೆಯಲ್ಲ ಅನ್ನುವುದು ಆ ಕಾಲದ ಕಾನೂನು. ಈ ದಾವೆಗೆ ಕೆಲವೇ ವಾರ ಮೊದಲು, ಜಿಂಜರ್ ಬಿಯರಿನಲ್ಲಿ ಇಲಿ ಸಿಕ್ಕಿದ ಕೇಸೊಂದು ಸ್ಕಾಟ್ಲೆಂಡಿನ ಕೋರ್ಟಿನಲ್ಲಿ ಬಿದ್ದುಹೋಗಿತ್ತು. ಅದನ್ನು ಸೋತ ವಕೀಲರೇ ಇದನ್ನೂ ಹಿಡಿದರು. ಆ ಧೈರ್ಯ ನೆನೆದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಮೊದಲ ನ್ಯಾಯಾಧೀಶರು ಕೇಸು ನಡೆಯಲಿ ಅಂದರು, ಅದರ ಮೇಲಿನ ಕೋರ್ಟು ಬೇಡ ಅಂತು. ಕೊನೆಗೆ, ಆಗ ಎಲ್ಲಕ್ಕಿಂತ ಮೇಲಿನ ಕೋರ್ಟಾಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ಗೆ ಮೇಲ್ಮನವಿ. ನನ್ನ ಹತ್ತಿರ ಐದು ಪೌಂಡಿನ ಆಸ್ತಿಯೂ ಇಲ್ಲ ಅಂತ ಡೊನಹ್ಯೂ ಪ್ರಮಾಣ ಮಾಡಿ ಹೇಳಬೇಕಾಯಿತು, ಯಾಕಂದರೆ ಬಡವರ ಲೆಕ್ಕದಲ್ಲಿ ಹೋಗದಿದ್ದರೆ ಖರ್ಚಿಗೇ ಅವರ ಕೇಸು ನಿಂತುಹೋಗುತ್ತಿತ್ತು. 1932ರ ಮೇ 26ರಂದು ತೀರ್ಪು ಬಂತು. ಐವರಲ್ಲಿ ಮೂವರು ಡೊನಹ್ಯೂ ಪರ, ಇಬ್ಬರು ವಿರುದ್ಧ. ಆ ಮೂವರಲ್ಲಿ ಒಬ್ಬರಾದ ಲಾರ್ಡ್ ಆಟ್ಕಿನ್ ಬರೆದ ಕಾರಣ ಸ್ಥೂಲವಾಗಿ ಇಷ್ಟು: ನಿಮ್ಮ ಕೆಲಸದಿಂದ ಯಾರಿಗೆ ನೇರವಾಗಿ ತೊಂದರೆಯಾಗಬಹುದು ಅಂತ ನೀವು ಮೊದಲೇ ಊಹಿಸಬಲ್ಲಿರೋ ಅವರು ಕಾನೂನಿನ ಕಣ್ಣಲ್ಲಿ ನಿಮ್ಮ ನೆರೆಯವರು, ಅವರಿಗೆ ಹಾನಿಯಾಗದಂತೆ ಎಚ್ಚರ ವಹಿಸುವುದು ನಿಮ್ಮ ಕರ್ತವ್ಯ.

ಈಗ ಆ ಕಾರಣ ಹೇಗೆ ಕೆಲಸ ಮಾಡಿತು ನೋಡಿ. 1931ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಒಬ್ಬ ಡಾಕ್ಟರು ಉಣ್ಣೆಯ ಒಳಉಡುಪು ಕೊಂಡರು. ಬಟ್ಟೆಯಲ್ಲಿ ಉಳಿದುಹೋಗಿದ್ದ ಸಲ್ಫೈಟ್ ಅನ್ನುವ ರಾಸಾಯನಿಕದಿಂದ ಅವರ ಚರ್ಮವೆಲ್ಲ ಕೆಟ್ಟು ತಿಂಗಳುಗಟ್ಟಲೆ ನರಳಿದರು. ಅವರ ವಕೀಲರು ಬಸವನಹುಳುವಿನ ತೀರ್ಪನ್ನು ಮುಂದಿಟ್ಟರು. ತಯಾರಕರ ಕಡೆಯವರ ಉತ್ತರವೂ ಗಟ್ಟಿಯಾಗಿಯೇ ಇತ್ತು. ಅದು ಸೀಲು ಮಾಡಿದ ಬಾಟಲಿ ಸ್ವಾಮಿ, ನಮ್ಮದು ಬರೀ ಕಾಗದದ ಪೊಟ್ಟಣ, ಅಂಗಡಿಯವರು ಬಿಚ್ಚಿಯೇ ಮಾರುತ್ತಾರೆ, ಆ ತೀರ್ಪು ನಮಗೆ ಹೇಗೆ ಅನ್ವಯಿಸುತ್ತದೆ ಅಂದರು. ವಕೀಲಿಕೆಯ ಜೀವಾಳ ಇರುವುದು ಇಲ್ಲೇ. ಹಳೆಯ ಕೇಸು ಬೇರೆ, ನಮ್ಮ ಕೇಸು ಬೇರೆ ಅಂತ ತೋರಿಸುವುದು. ಆಗ ಕೋರ್ಟು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವ್ಯತ್ಯಾಸ ಹಳೆಯ ತೀರ್ಪಿನ ಕಾರಣಕ್ಕೆ ಸಂಬಂಧಪಟ್ಟದ್ದಾ, ಅಲ್ವಾ? ಆಗ ಆಸ್ಟ್ರೇಲಿಯಾದ ಕೇಸುಗಳಿಗೂ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1935ರಲ್ಲಿ ಸಂಬಂಧಪಟ್ಟದ್ದಲ್ಲ ಅಂತು. ಮುಖ್ಯವಾದದ್ದು ಸೀಲಲ್ಲ, ತಯಾರಕನ ಕೈ ದಾಟುವಾಗ ಮಾಲಿನಲ್ಲಿದ್ದ ದೋಷವೇ ಯಾರ ಕಣ್ಣಿಗೂ ಬೀಳದೆ ಬಳಸುವವರನ್ನು ತಲುಪಿತು ಅನ್ನುವುದು. ಡಾಕ್ಟರು ಗೆದ್ದರು. ಹುಳು ಹೋಯಿತು, ಬಾಟಲಿ ಹೋಯಿತು, ಕಾರಣ ಉಳಿಯಿತು. ತೀರ್ಪಿನಲ್ಲಿ ಹೀಗೆ ಫಲಿತಾಂಶಕ್ಕೆ ಆಧಾರವಾದ ಭಾಗವನ್ನು ವಕೀಲರು ರೇಷಿಯೊ ಅನ್ನುತ್ತಾರೆ. ನ್ಯಾಯಾಧೀಶರು ಪ್ರಸಂಗವಶಾತ್ ಆಡಿದ ಉಳಿದ ಮಾತು ಒಬಿಟರ್. ಅದಕ್ಕೆ ಗೌರವ ಉಂಟು, ಕಟ್ಟುಪಾಡು ಇಲ್ಲ.

ಕೆಳಗಿನ ಕೋರ್ಟು ಮೇಲಿನ ಕೋರ್ಟಿನ ರೇಷಿಯೊ ಪಾಲಿಸಲೇಬೇಕು, ಇಷ್ಟವಿರಲಿ ಬಿಡಲಿ. ಇವತ್ತು ನನಗೊಂದು ನ್ಯಾಯ, ನಾಳೆ ನಿಮಗೊಂದು ನ್ಯಾಯ ಆಗಬಾರದಲ್ಲ. ಹಾಗಂತ ತಪ್ಪನ್ನೇ ಹೊತ್ತುಕೊಂಡು ಕೂರಬೇಕಾ? ಹೌಸ್ ಆಫ್ ಲಾರ್ಡ್ಸ್ 1898ರಲ್ಲಿ ತನ್ನ ಹಳೆಯ ತೀರ್ಪಿಗೆ ತಾನೇ ಬದ್ಧ ಅಂದಿತ್ತು. 1966ರಲ್ಲಿ, ಅಗತ್ಯ ಬಿದ್ದರೆ ಅದನ್ನು ಬಿಟ್ಟು ನಡೆಯುತ್ತೇವೆ ಅಂತ ಪ್ರಕಟಿಸಿತು. ಅದು ಸರಿಯಾದ ಹೆಜ್ಜೆ ಅಂತಲೇ ನನ್ನ ಅಭಿಪ್ರಾಯ.

ಇನ್ನು ಸಾಕ್ಷ್ಯದ ಮಾತು. ಈ ಪದ್ಧತಿಯಲ್ಲಿ ನ್ಯಾಯಾಧೀಶರು ತಾವೇ ಹೋಗಿ ಸಾಕ್ಷಿ ಹುಡುಕುವುದಿಲ್ಲ. ಎರಡೂ ಕಡೆಯವರು ತರುತ್ತಾರೆ, ಎದುರಿನವರು ಪಾಟೀಸವಾಲು ಮಾಡಿ ಅಲುಗಾಡಿಸುತ್ತಾರೆ. ಹಾಗಾಗಿ ಸಾಬೀತು ಮಾಡುವ ಹೊರೆ ಯಾರ ಮೇಲೆ ಅನ್ನುವುದು ಬಹಳ ದೊಡ್ಡ ಪ್ರಶ್ನೆ. ಸಿವಿಲ್ ಕೇಸಿನಲ್ಲಿ ಯಾರ ಮಾತು ನಿಜವಿರುವ ಸಾಧ್ಯತೆ ಜಾಸ್ತಿ ಅಂತ ತೂಗಿದರೆ ಸಾಕು. ಕ್ರಿಮಿನಲ್ ಕೇಸಿನಲ್ಲಿ ಸಾಲದು. 1934ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ವುಲ್ಮಿಂಗ್ಟನ್ ಅನ್ನುವ 21 ವರ್ಷದ ಹುಡುಗನ ಬಂದೂಕಿನಿಂದ ಅವನ ಹೆಂಡತಿ ಸತ್ತಳು. ಅಕಸ್ಮಾತ್ ಗುಂಡು ಹಾರಿತು ಅಂದ. ಕೊಂದದ್ದು ಗೊತ್ತಾದ ಮೇಲೆ ಅಕಸ್ಮಾತ್ ಅಂತ ಸಾಬೀತು ಮಾಡುವುದು ಅವನ ಪಾಡು ಅಂತ ನ್ಯಾಯಾಧೀಶರು ಜ್ಯೂರಿಗೆ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ತಂಡಕ್ಕೆ, ಹೇಳಿದರು. ಗಲ್ಲು ಶಿಕ್ಷೆಯಾಯಿತು. 1935ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ರದ್ದು ಮಾಡಿತು. ಅಪರಾಧ ಸಾಬೀತು ಮಾಡಬೇಕಾದವರು ಪ್ರಾಸಿಕ್ಯೂಷನ್ನಿನವರು, ಅಂದರೆ ಆರೋಪ ಹೊರಿಸಿದ ಕಡೆಯವರು, ಅದೂ ಸರಿಯಾದ ಸಂಶಯಕ್ಕೆ ಎಡೆಯಿಲ್ಲದ ಹಾಗೆ. ಆರೋಪಿ ತನ್ನ ನಿರಪರಾಧ ತೋರಿಸಬೇಕಿಲ್ಲ. ಇದು ಅಪರಾಧಿಗಳಿಗೆ ಕೊಟ್ಟ ಸಲಿಗೆ ಅಂತ ಸಿಟ್ಟು ಮಾಡುವವರನ್ನು ನೋಡಿದ್ದೇನೆ. ಆರೋಪಿಯ ಜಾಗದಲ್ಲಿ ನಿಮ್ಮ ಮನೆಯವರನ್ನು ನಿಲ್ಲಿಸಿ ಯೋಚಿಸಿ.

ತೀರ್ಪು ಕೊಡುವವರು ಯಾರ ಕಡೆಯವರೂ ಆಗಿರಬಾರದು, ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ 1923ರ ಒಂದು ಇಂಗ್ಲಿಷ್ ವಾಹನ ಅಪಘಾತದ ಕೇಸಿನಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಒಳಕೋಣೆಗೆ ಹೋದ ಕೋರ್ಟಿನ ಗುಮಾಸ್ತರು ಕೇಸಿನ ಬಗ್ಗೆ ಒಂದೇ ಒಂದು ಮಾತೂ ಆಡಿರಲಿಲ್ಲ. ಅದೇ ಅಪಘಾತಕ್ಕೆ ಆರೋಪಿಯಿಂದ ಪರಿಹಾರ ಕೇಳುತ್ತಿದ್ದವರ ಪರವಾಗಿದ್ದ ವಕೀಲರ ಸಂಸ್ಥೆಗೆ ಆ ಗುಮಾಸ್ತರು ಸೇರಿದ್ದರು, ಅಷ್ಟೇ. ಅಷ್ಟಕ್ಕೇ ಶಿಕ್ಷೆ ರದ್ದಾಯಿತು. ನ್ಯಾಯ ನಡೆದರೆ ಸಾಲದು, ನಡೆದದ್ದು ಕಾಣಲೂ ಬೇಕು ಅನ್ನುವ ಮಾತು ಬಂದದ್ದು ಅಲ್ಲಿಂದಲೇ.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ. ಆ ಬಾಟಲಿಯಲ್ಲಿ ನಿಜವಾಗಿಯೂ ಬಸವನಹುಳು ಇತ್ತಾ? ಯಾವ ಕೋರ್ಟಿನಲ್ಲೂ ಅದು ಸಾಬೀತಾಗಲಿಲ್ಲ. ಹೌಸ್ ಆಫ್ ಲಾರ್ಡ್ಸ್ ಮುಂದೆ ಇದ್ದದ್ದು ಕಾನೂನಿನ ಪ್ರಶ್ನೆ ಮಾತ್ರ: ಡೊನಹ್ಯೂ ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಂಡರೆ ತಯಾರಕ ಹೊಣೆಯೋ ಅಲ್ಲವೋ? ಹೊಣೆ ಅಂತ ಆದ ಮೇಲೆ, ನಡೆದದ್ದೇನು ಅಂತ ಸಾಕ್ಷಿ ಕೇಳಿ ತಿಳಿಯಲು ಕೇಸು ವಾಪಸ್ ಸ್ಕಾಟ್ಲೆಂಡಿಗೆ ಬಂತು. 1932ರಲ್ಲೇ ಸ್ಟೀವನ್ಸನ್ ತೀರಿಕೊಂಡರು, ಆಮೇಲೆ ರಾಜಿಯಾಯಿತು. ಸಾಕ್ಷಿಕಟ್ಟೆ ಯಾರೂ ಹತ್ತಲೇ ಇಲ್ಲ.

ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಿ.