ಮನೆ ಪಕ್ಕದ ಲೇತ್, ನಗರದ ನಕ್ಷೆ

ಕೇಳುಗರಿಗೆ ನಮಸ್ಕಾರ.

ನಾನು ಬೆಳೆದದ್ದು ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ. ನಮ್ಮ ಮನೆ ಗೋಡೆಗೆ ಅಂಟಿಕೊಂಡ ಹಾಗೇ ಒಂದು ಲೇತ್ ಶೆಡ್ ಇತ್ತು, ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರದ್ದು. ಬೆಳಿಗ್ಗೆ ಒಂಬತ್ತಕ್ಕೆ ಮೋಟಾರ್ ಶುರು. ಬಾಗಿಲ ಮುಂದೆ ಸುರುಳಿ ಸುರುಳಿ ಕಬ್ಬಿಣದ ಚೂರು, ಎಣ್ಣೆ ವಾಸನೆ. ಅದು ನಮಗೆ ತೊಂದರೆ ಅನ್ನಿಸಲೇ ಇಲ್ಲ. ನಮ್ಮ ಬೀದಿಯ ಹುಡುಗರು ಅಲ್ಲೇ ಕೆಲಸ ಕಲಿತರು. ಕೆಲವು ವರ್ಷ ಆದಮೇಲೆ ಎದುರುಗಡೆ ತಗಡಿಗೆ ಏಟು ಹಾಕಿ ಆಕಾರ ಕೊಡುವ ಒಂದು ಪವರ್ ಪ್ರೆಸ್ ಬಂತು. ಅದರ ಒಂದೊಂದು ಏಟಿಗೂ ಅಡುಗೆಮನೆಯ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಕಿ ಝಣ್ ಅನ್ನುತ್ತಿದ್ದವು. ಅಜ್ಜಿ ಲೋಟದ ಕೆಳಗೆ ಹಳೇ ಸೀರೆಯ ತುಂಡು ಹಾಸಿದರು. ಲೋಟ ಸುಮ್ಮನಾದವು. ರಾತ್ರಿ ಹತ್ತರ ಮೇಲೂ ಬೀಳುತ್ತಿದ್ದ ಆ ಏಟಿಗೆ ಅಜ್ಜಿಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ.

ಕಾಗದದಲ್ಲಿ ನೋಡಿದರೆ ಎರಡೂ ಸಣ್ಣ ಕೈಗಾರಿಕೆಯೇ. ನಮ್ಮ ಮನೆಗೆ ಅವು ಒಂದೇ ಆಗಿರಲಿಲ್ಲ. ವಲಯ ನಿಯಮಗಳ ಬಗ್ಗೆ, ಅಂದರೆ ನಗರದ ಯಾವ ಜಾಗದಲ್ಲಿ ಏನು ನಡೆಸಬಹುದು ಅನ್ನುವ ನಿಯಮಗಳ ಬಗ್ಗೆ, ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಒಂದು ಕಸುಬಿಗೆ ಏನು ಹೆಸರು ಅಂತ ನೋಡಿ ಜಾಗ ಕೊಡಬೇಡಿ. ಅದು ಪಕ್ಕದ ಮನೆಗೆ ಏನು ಮಾಡುತ್ತದೆ ಅಂತ ನೋಡಿ ಕೊಡಿ.

ನಗರದ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ ನಕ್ಷೆ ನೀವು ನೋಡಿರಬಹುದು. ಹಳದಿ ಬಣ್ಣ ಇದ್ದರೆ ವಸತಿ, ನೀಲಿ ಇದ್ದರೆ ವಾಣಿಜ್ಯ, ನೇರಳೆ ಇದ್ದರೆ ಕೈಗಾರಿಕೆ. ಯಾವ ಬಣ್ಣದಲ್ಲಿ, ಎಷ್ಟು ಅಗಲದ ರಸ್ತೆಯಲ್ಲಿ ಯಾವ ವ್ಯಾಪಾರ ನಡೆಸಬಹುದು ಅನ್ನುವುದು ಅದರ ಜೊತೆಗಿರುವ ನಿಯಮ ಪುಸ್ತಕದಲ್ಲಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಯೋಜನೆಯನ್ನು ಪರಿಷ್ಕರಿಸಬೇಕು ಅಂತ ಅದೇ ಹೇಳುತ್ತದೆ. ಬೆಂಗಳೂರು ಇಟ್ಟುಕೊಂಡಿರುವ ಯೋಜನೆಯ ಹೆಸರಲ್ಲೇ 2015 ಅಂತ ಇದೆ, ಜಾರಿಗೆ ಬಂದದ್ದು 2007ರಲ್ಲಿ. 2031ಕ್ಕೆ ಅಂತ ಮಾಡಿದ ಕರಡು 2017ರ ನವೆಂಬರ್‌ನಲ್ಲಿ ಜನರ ಮುಂದೆ ಬಂತು. ಆಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು.

2007ರಲ್ಲಿ ನಮ್ಮಲ್ಲಿ ಏನಿತ್ತು, ನೆನಪು ಮಾಡಿಕೊಳ್ಳಿ. ಹತ್ತು ನಿಮಿಷದಲ್ಲಿ ದಿನಸಿ ತಂದುಕೊಡುವ ಆ್ಯಪ್ ಇರಲಿಲ್ಲ. ಕೂತು ತಿನ್ನಲು ಒಂದು ಕುರ್ಚಿಯೂ ಇಲ್ಲದೆ ಬರೀ ಪಾರ್ಸೆಲ್ ಕಳಿಸುವ ಅಡುಗೆಮನೆಗಳನ್ನು ಯಾರೂ ಕಂಡಿರಲಿಲ್ಲ. ಈಗ ಹಳೇ ಮನೆಯ ಕೆಳಮಹಡಿಯಲ್ಲಿ ದಿನಸಿ ರಾಶಿ ಬೀಳುತ್ತದೆ. ರಾತ್ರಿ ಹನ್ನೊಂದಕ್ಕೂ ಗೇಟಿನ ಮುಂದೆ ಸಾಲಾಗಿ ಬೈಕುಗಳು. ಇದನ್ನು ಅಂಗಡಿ ಅನ್ನಬೇಕಾ, ಗೋದಾಮು ಅನ್ನಬೇಕಾ? ಹಳೇ ಪಟ್ಟಿ ಹಿಡಿದುಕೊಂಡು ಹುಡುಕಿದರೆ ಅಧಿಕಾರಿಗೂ ಕಷ್ಟ, ಬಾಡಿಗೆ ಕೊಟ್ಟವರಿಗೂ ಕಷ್ಟ. ಆ ಬೈಕಿನ ಹುಡುಗರಿಗೂ ನಿಲ್ಲಲು ಒಂದು ನೆರಳು ಬೇಡವಾ?

ಅಳತೆ ಇಲ್ಲ ಅಂತೇನಿಲ್ಲ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಮಿತಿ ಇದೆ. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಎರಡೂ ಬೆರೆತ ನಮ್ಮಂಥ ಬೀದಿ ಯಾವ ವರ್ಗಕ್ಕೆ ಸೇರುತ್ತದೆ ಅಂತ ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರವೇ ಗೊತ್ತುಮಾಡಿ ಹೇಳಬೇಕು. ಮಾಲಿನ್ಯದ ಲೆಕ್ಕದಲ್ಲಿ ಕೈಗಾರಿಕೆಗಳನ್ನು ಹೆಚ್ಚಿನಿಂದ ಕಡಿಮೆಗೆ ಕೆಂಪು, ಕಿತ್ತಳೆ, ಹಸಿರು ಅಂತ ಮೊದಲೇ ವಿಂಗಡಿಸಿದ್ದಾರೆ. ತೀರಾ ಕಡಿಮೆ ಮಾಲಿನ್ಯದವಕ್ಕೆ 2016ರಲ್ಲಿ ಬಿಳಿ ವರ್ಗವೂ ಬಂತು. ಹೊಸ ವಲಯ ನಿಯಮ ಈ ಅಳತೆಗಳನ್ನೇ ಆಧಾರ ಮಾಡಿಕೊಳ್ಳಲಿ. ಸದ್ದು ಎಷ್ಟು, ಚರಂಡಿಗೆ ಏನು ಹೋಗುತ್ತದೆ, ದಿನಕ್ಕೆ ಎಷ್ಟು ಲಾರಿ ಬರುತ್ತವೆ, ಒಳಗೆ ಬೆಂಕಿ ಹತ್ತುವ ಸಾಮಾನು ಎಷ್ಟಿದೆ, ಇವನ್ನು ಕೇಳಲಿ. ಆಗ ಟೈಲರಿಂಗ್ ಘಟಕ, ಸಣ್ಣ ಲೇತ್ ಮನೆಗಳ ನಡುವೆ ಧೈರ್ಯವಾಗಿ ಇರಬಹುದು. ರಾಸಾಯನಿಕ ಬಳಸಿ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಘಟಕ, ಬೇಗ ಬೆಂಕಿ ಹತ್ತುವ ಥಿನ್ನರ್ ಇಡುವ ಗೋದಾಮು ಇರಬಾರದು.

ಗೋದಾಮಿನ ವಿಷಯದಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ. 2020ರ ನವೆಂಬರ್‌ನಲ್ಲಿ ಮೈಸೂರು ರಸ್ತೆ ಬಾಪೂಜಿನಗರದ ಹತ್ತಿರ ರಾಸಾಯನಿಕ ಗೋದಾಮು ಹೊತ್ತಿ ಉರಿಯಿತು. ಸುತ್ತ ಮನೆಗಳು. ಮರುವರ್ಷ ಸೆಪ್ಟೆಂಬರ್‌ನಲ್ಲಿ ನ್ಯೂ ತರಗುಪೇಟೆಯಲ್ಲಿ ಪಟಾಕಿ ಇಟ್ಟಿದ್ದ ಗೋದಾಮು ಸ್ಫೋಟಿಸಿತು, ಜನ ಸತ್ತರು. ಅಲ್ಲಿ ಇಟ್ಟದ್ದು ಏನು ಅಂತ ಪಕ್ಕದ ಮನೆಯವರಿಗೆ ಮೊದಲೇ ಗೊತ್ತಿರಬೇಕಿತ್ತು ಅಲ್ವಾ?

ಇನ್ನೊಂದು ಮಗ್ಗುಲೂ ಇದೆ. ನೇರಳೆ ಬಣ್ಣದ ಜಾಗ ಒಮ್ಮೆ ಕೈಬಿಟ್ಟರೆ ವಾಪಸ್ ಬರುವುದಿಲ್ಲ. ಬಿನ್ನಿ ಮಿಲ್ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು, ಮಾಲ್ ಎದ್ದಿವೆ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ 2014ರಲ್ಲಿ ಮೆಟ್ರೊ ಬಂತು. ಮೆಟ್ರೊ ಹತ್ತಿರದ ಜಾಗಕ್ಕೆ ಬೆಲೆ ಏರುವುದು ಸಹಜ. ಆ ಬಾಡಿಗೆಯನ್ನು ಶೋರೂಮ್ ಕೊಟ್ಟೀತು, ಬೇರೆಯವರ ಆರ್ಡರಿಗೆ ಬಿಡಿಭಾಗ ಮಾಡಿಕೊಟ್ಟು ಜಾಬ್ ವರ್ಕ್ ಮಾಡುವವನು ಎಲ್ಲಿಂದ ಕೊಡುತ್ತಾನೆ? ಅವನನ್ನು ವಸತಿ ಬೀದಿಯಿಂದಲೂ ಎಬ್ಬಿಸಿ ಕೈಗಾರಿಕಾ ಪ್ರದೇಶದಿಂದಲೂ ಎಬ್ಬಿಸಿದರೆ ನಗರಕ್ಕೆ ಬೋಲ್ಟು, ಬುಷ್ ಮಾಡಿಕೊಡುವವರು ಯಾರು? ಹಾಗಾಗಿ ಖಾಲಿ ಮಾಡಿ ಅನ್ನುವ ಮುಂಚೆ ಹೋಗಲು ಜಾಗ ತೋರಿಸಬೇಕು. ನಾಲ್ಕೈದು ಮಹಡಿಯ ಕಟ್ಟಡದಲ್ಲಿ ಸಣ್ಣ ಸಣ್ಣ ಶೆಡ್ ಮಾಡಿ, ಕಟ್ಟಬಹುದಾದ ಬಾಡಿಗೆಗೆ ಕೊಡಬೇಕು. ಮಷೀನು ಸಾಗಿಸಿ ಮತ್ತೆ ಕೂರಿಸಲು ಎರಡು ಮೂರು ವರ್ಷ ಕೊಡಬೇಕು. ಒಂದು ನೋಟಿಸ್ ಅಂಟಿಸಿ ಹೋಗುವುದು ಯೋಜನೆ ಅಲ್ಲ.

ಮುಂದಿನ ಕರಡು ಬಂದಾಗ ಇಡೀ ನಕ್ಷೆ ನೋಡಲು ಹೋಗಬೇಡಿ, ತಲೆ ಕೆಡುತ್ತದೆ. ನಿಮ್ಮ ಬೀದಿ ಹುಡುಕಿ. ಬಣ್ಣ ನೋಡಿ. ಟೇಪ್ ಹಿಡಿದು ರಸ್ತೆಯ ಅಗಲ ಅಳೆಯಿರಿ, ನಕ್ಷೆಯಲ್ಲಿ ಬರೆದದ್ದು ಸರಿಯಾ ನೋಡಿ. ಪಕ್ಕದ ಶೆಡ್‌ನವರನ್ನೂ ಕರೆದು ಕೂರಿಸಿಕೊಳ್ಳಿ, ಅವರ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಕೇಳಿ. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆದು, ಗಡುವಿನೊಳಗೆ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.

ನಮಸ್ಕಾರ.